ಉರಿಗಾಂನಲ್ಲಿ ಕಲ್ಲು ನೆಕ್ಕಿದ್ದು

ಉರಿಗಾಂ, ಸೋಮವಾರ

ಅಮ್ಮಾ,

ಫೋನ್ ಮಾಡಿದರೆ ಮನೆಯೊಡತಿ ಕನಕಮ್ಮ ಗೋಡೆಯಾಚೆ ಕಿವಿಗೊಟ್ಟು ನಿಲ್ಲುತ್ತಾರೆ, ಅದಕ್ಕೇ ಈ ಕಾರ್ಡು. ಇಲ್ಲಿ ಯಾರ ಕೈಗೂ ಕೊಡದೆ, ನಾನೇ ಬಂಗಾರಪೇಟೆಗೆ ಹೋಗಿ ಡಬ್ಬಿಗೆ ಹಾಕುತ್ತೇನೆ.

ಇಲ್ಲಿನ ಚಿನ್ನದ ಗಣಿಯ ಬಳಿ ಆಯ್ದ ಕಲ್ಲನ್ನು ನಾವು ಭೂವಿಜ್ಞಾನದವರು ನೆಕ್ಕಿ ನೋಡುತ್ತೇವೆ. ಒದ್ದೆಯಾದರೆ ಹರಳು ಚೆನ್ನಾಗಿ ಕಾಣುತ್ತದೆ. ಮೊನ್ನೆ ಜಗಲಿಯಲ್ಲಿ ನೆಕ್ಕುವಾಗ ಕನಕಮ್ಮ ನೋಡಿಬಿಟ್ಟರು. ಸಂಜೆ ಉಪ್ಪುಖಾರ ಹಚ್ಚಿದ ಹುಣಸೆಕಾಯಿ ತಂದಿಟ್ಟರು. ರುಚಿಯಾಗಿತ್ತು, ಪೂರ್ತಿ ತಿಂದೆ. ಅದೇ ತಪ್ಪಾಯಿತು. ಇಲ್ಲಿನ ನೀರು ಒಗ್ಗದೆ ಮಾರನೆಯ ಬೆಳಿಗ್ಗೆ ವಾಂತಿಯೂ ಆಯಿತು. (ಈಗ ಚೆನ್ನಾಗಿದ್ದೇನೆ, ಕಾಯಿಸಿದ ನೀರನ್ನೇ ಕುಡಿಯುತ್ತೇನೆ.) ಅಂದಿನಿಂದ ಆಕೆ ನನ್ನ ಮುಖ ನೋಡಿ ಮಾತಾಡುವುದಿಲ್ಲ, ಹೊಟ್ಟೆ ನೋಡಿ ಮಾತಾಡುತ್ತಾರೆ. ಬಸುರಿಯ ಬಯಕೆಯೆಂದೇ ಗುಮಾನಿ!

ಕಲ್ಲು ತೋರಿಸಿ ಬಿಡಿಸಿ ಹೇಳಿದೆ. ಈ ಕೆಂಪು ಹರಳಿನಲ್ಲಿ ಕಬ್ಬಿಣವೆಷ್ಟು, ಕ್ಯಾಲ್ಸಿಯಂ ಎಷ್ಟು ಎಂದು ಅಳೆದರೆ, ನೆಲದಾಳದಲ್ಲಿ ಅದು ಎಷ್ಟು ಒತ್ತಡ ತಡೆದುಕೊಂಡಿತ್ತೆಂದು ತಿಳಿಯುತ್ತದೆ. ಪಕ್ಕದ ಕಪ್ಪು ಹರಳು ಆಗ ಅಲ್ಲಿ ಹರಿದ ಬಿಸಿನೀರಿನ ಪಾಲನ್ನು ಒಳಗೇ ಹಿಡಿದಿಟ್ಟುಕೊಂಡಿದೆ ಎಂದೆ. ಕನಕಮ್ಮ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕೈಗೇ ಇಟ್ಟರು.

"ಕಲ್ಲೇ ತನ್ನ ಒಟ್ಟೇಲಿರೋದ್ನ ಯೋಳ್ತದೆ ಅಂತೀಯಲ್ಲಮ್ಮಾ, ನೀನ್ಯಾವಾಗ ಯೋಳ್ತೀಯ?"

ನಿನ್ನ ನಂಬರನ್ನು ಆಕೆ ಎಲ್ಲಿಂದಲೋ ಸಂಪಾದಿಸಿದ್ದಾರೆ. ಫೋನ್ ಬಂದರೆ ಒಂದು ಮಾತನ್ನೂ ನಂಬಬೇಡ. ರೈಲಿಗೆ ಹೊತ್ತಾಯಿತು.

ನಿನ್ನ,
ಭುವನಾ

ನಿನ್ನೆ ರಾತ್ರಿ ನನಗೆ ಫೋನ್ ಮಾಡಿದಾಗ ನೀನು ಯಾಕೋ ಬಹಳ ಮೆತ್ತಗೆ ಮಾತಾಡಿದೆ. ಕನಕಮ್ಮನ ಫೋನ್ ಆಗಲೇ ಬಂದಿತ್ತೇ? ಅಮ್ಮಾ, ಅಪ್ಪನಿಗಿನ್ನೂ ಹೇಳಿಲ್ಲ ತಾನೇ?