ಬಿತ್ತನೆ ಜೋಳ

ಅಕ್ಟೋಬರ್ ೪, ರಾತ್ರಿ

ಔಷಧ ಹಚ್ಚಿದ ಬಿತ್ತನೆ ಜೋಳವನ್ನು ತಿನ್ನುವ ಜೋಳದ ಜೊತೆ ಗಿರಣಿಗೆ ಹಾಕಿದವಳು ನಾನು. ಆ ಹಿಟ್ಟಿನಲ್ಲಿ ರೊಟ್ಟಿ ಬಡಿದವಳು ಲಕ್ಷ್ಮಿ. ಊರು ಹೊಳೆಪಾಲಾಗಿ ನಮ್ಮ ಘೋಣಸಗಿಗೆ ಬಂದ ಲಕ್ಷ್ಮಿಯಂಥವರ ಆರು ಮನೆಗಳೂ ನಮ್ಮ ನಾಲ್ಕು ಮನೆಗಳೂ ಈ ರೊಟ್ಟಿ ವ್ಯಾಪಾರದಿಂದಲೇ ಉಣ್ಣುತ್ತಿವೆ.

ಮಧ್ಯಾಹ್ನ ಖಾಲಿ ಚೀಲದ ತಳದಲ್ಲಿ ಔಷಧದ ಬಣ್ಣ ಹತ್ತಿದ ಕೆಂಪು ಕಾಳು ಕಂಡವು. ಇಬ್ಬರೂ ಜೀಪು ಹತ್ತಿ ಬಬಲೇಶ್ವರ ಸಂತೆಗೆ ಓಡಿದೆವು. ಬೆಳಿಗ್ಗೆಯೇ ಅಲ್ಲಿಗೆ ಮಾರಾಟಕ್ಕೆ ಹೋಗಿದ್ದ ಹನ್ನೆರಡು ಕಟ್ಟು ರೊಟ್ಟಿಯಲ್ಲಿ ಹನ್ನೊಂದು ಮರಳಿ ಸಿಕ್ಕವು. ಹನ್ನೆರಡನೆಯದನ್ನು ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಒಯ್ದಿದ್ದಳು. ಯಾರೆಂದು ಯಾರಿಗೂ ಗೊತ್ತಿಲ್ಲ.

"ಹೊರಗಿಂದ ಬಂದವರ ಕೈಯಾಗ ಕೊಟ್ರ ಹಿಂಗ ಆಗ್ತದ," ಎಂದ ಪಕ್ಕದ ಅಂಗಡಿಯವ. ಲಕ್ಷ್ಮಿ ತಲೆ ತಗ್ಗಿಸಿದಳು. ನಾನು ಬಾಯಿ ತೆರೆಯಲಿಲ್ಲ.

ವಾಪಸು ಬರುವಾಗ ಅವಳು ಕೇಳಿದಳು: "ಆಶಾಬಿ, ನಮ್ಮನ್ನ ಇಲ್ಲಿಂದನೂ ಎಬ್ಬಸ್ತಾರೇನ ಬೇ?"

ಆಗ ಹೇಳಿದೆ, ತಪ್ಪು ನನ್ನದೆಂದು. ಅವಳು ನನ್ನತ್ತ ತಿರುಗಿದಳು.

"ನಾಳೆ ಸಂತ್ಯಾಗಿನ ಮಂದಿ ಮುಂದನೂ ಹೇಳ್ತೀಯೇನ?"

ಹ್ಞೂಂ ಎಂದೆ. ಹೇಳುತ್ತೇನೆ. ಬಬಲೇಶ್ವರದ ಗುಡಿ, ಮಸೀದಿ ಎರಡರ ಮೈಕಿನಲ್ಲೂ ಆ ರೊಟ್ಟಿ ತಿನ್ನಬೇಡಿರೆಂದು ಸಾರಿಸಿದ್ದೇವೆ. ಆ ತಾಯಿ ಊರೊಳಗೇ ಇದ್ದಳೋ, ಅಷ್ಟರಲ್ಲಿ ಬಸ್ಸು ಹತ್ತಿ ಹೋಗಿಬಿಟ್ಟಿದ್ದಳೋ, ಇನ್ನೂ ಗೊತ್ತಾಗಿಲ್ಲ.