ಅಮ್ಮನ ಓಸ್ಲೋ ಫೋನು

ಓಲೆಸುಂಡ್, 11 ನವೆಂಬರ್ 2012

ಪ್ರೀತಿಯ ತಂಗಿ ತೂರ್ದಿಸ್‌ಗೆ,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಈಸ್ಟರ್ ಹೊತ್ತಿಗೆ ನೀನು ಬರೆದ ಕಾಗದಕ್ಕೆ ಚಳಿಗಾಲ ಕಾಲಿಟ್ಟ ಮೇಲೆ ಉತ್ತರ ಬರೆಯುತ್ತಿದ್ದೇನೆ. ಮಂಡಿನೋವನ್ನು ನೆಪ ಮಾಡಬಹುದಿತ್ತು, ಆದರೆ ಮಂಡಿಗೂ ಪೆನ್ನಿಗೂ ಸಂಬಂಧವಿಲ್ಲವೆಂದು ನೀನೇ ಹೇಳುತ್ತೀಯ. ನೀನು ಕಳಿಸಿದ ಹಣ್ಣಿನ ಜಾಮ್ ಮುಗಿದೇ ಮೂರು ತಿಂಗಳಾಯಿತು. ಬಾಟಲಿ ತೊಳೆದಿಟ್ಟಿದ್ದೇನೆ.

ಇಲ್ಲಿನ ಸುದ್ದಿ ಎಂದರೆ ನನ್ನ ಜಗಳಗಳ ಸುದ್ದಿಯೇ. ಮನೆಯ ಫೋನಿನ ತಂತಿ ಇನ್ನು ಬೇಡ, ಮೊಬೈಲೇ ಸಾಕು ಎಂದು ಕಂಪನಿಯವರು ಬಣ್ಣದ ಕಾಗದದಲ್ಲಿ ಬರೆದು ಕಳಿಸಿದರು. ‘ಗೌರವಾನ್ವಿತ ಹಿರಿಯರೇ’ ಎಂದು ಶುರು ಮಾಡುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಎಂಬತ್ತರ ದಶಕದಲ್ಲಿ ಒಂದು ಫೋನಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಲ್ಲಿಸಿದ್ದು ಯಾರು, ಈಗ ಕೊಟ್ಟಿದ್ದನ್ನು ಕಿತ್ತುಕೊಳ್ಳುವ ಅವಸರ ಯಾರಿಗೆ ಎಂದು ಪತ್ರಿಕೆಗೆ ಬರೆದೆ. ಅರ್ಧಕ್ಕೆ ಕತ್ತರಿಸಿ ಹಾಕಿದರು. ಆ ಸಿಟ್ಟಿಗೆ, ಇನ್ನು ಮುಂದೆ ಹಳೆಯ ಡಯಲ್ ಫೋನಿನಲ್ಲೇ ಮಾತಾಡುತ್ತೇನೆ, ಯಾರು ಕಿತ್ತು ಹಾಕುತ್ತಾರೋ ನೋಡೋಣ ಎಂದು ನೆಲಮಾಳಿಗೆಗೆ ಇಳಿದೆ. ಅಮ್ಮನ ಕಪ್ಪು ಫೋನು ಅವಳ ಬೂದು ಸ್ವೆಟರಿನಲ್ಲಿ ಸುತ್ತಿಟ್ಟ ಹಾಗೇ ಇತ್ತು.

ಅದನ್ನು ಮೇಲೆ ತಂದು ಜೋಡಿಸಿದೆ. ಕಿವಿಗಿಟ್ಟರೆ ಲೈನಿನ ಸದ್ದು ಸ್ಪಷ್ಟ. ಮೊಬೈಲಿನಿಂದ ಮಾಡಿದೆ, ಕಿಟಕಿಯ ಗಾಜು ಅದುರುವಂತೆ ಗಂಟೆ ಬಾರಿಸಿತು. ಆದರೆ ಇದರಿಂದ ಹೊರಗೆ ಮಾಡಿದರೆ ಒಂದೂ ಹೋಗದು. ಯಾವ ಸಂಖ್ಯೆ ತಿರುಗಿಸಿದರೂ ‘ಈ ಸಂಖ್ಯೆ ಬಳಕೆಯಲ್ಲಿಲ್ಲ’ ಎಂಬ ಹೆಣ್ಣುದನಿ. ಡಯಲು ನಿಧಾನವಾಗಿ ಹಿಂದಿರುಗುತ್ತಿದೆಯೇನೋ ಎಂದು ಬಿಚ್ಚಿ ಒರೆಸಿ ಒಂದು ಹನಿ ಎಣ್ಣೆ ಬಿಟ್ಟೆ. ಒಳಗಿನ ತಗಡಿನ ತುದಿಗಳ ನಡುವೆ ಕಾಗದದ ಪಟ್ಟಿ ತೂರಿಸಿ ಉಜ್ಜಿದೆ. ತಂತಿಗಳನ್ನು ಅದಲು ಬದಲು ಮಾಡಿದೆ. ಮೂರು ದಿನ ಇದೇ ಕೆಲಸ. ಕೊನೆಗೆ ಊದ್ವಾರ್‌ನನ್ನು ಕರೆದೆ. ನಿನಗೆ ನೆನಪಿರಬಹುದು, ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ನಿವೃತ್ತನಾಗಿ ಹತ್ತು ವರ್ಷವಾದರೂ ಸ್ಕ್ರೂಡ್ರೈವರ್ ಅಂಗಿಯ ಜೇಬಿನಲ್ಲೇ ಇರುತ್ತದೆ.

ಅವನು ಅದನ್ನು ಹೊರಗೆ ತೆಗೆಯಲೂ ಇಲ್ಲ. ಫೋನು ಕಿವಿಗಿಟ್ಟುಕೊಂಡು, “ಒಂದನೇ ಅಂಕಿ ತಿರುಗಿಸು” ಅಂದ. ತಿರುಗಿಸಿದೆ.

“ಎಷ್ಟು ಟಿಕ್ ಅಂತು?”

“ಎಣಿಸಲಿಲ್ಲ.”

“ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದೀಯ, ಒಂದು ಎಣಿಸೋಕೆ ಬರಲ್ವೇನೋ? ಇನ್ನೊಂದ್ಸಲ.”

ಎಣಿಸಿದೆ. ಒಂಬತ್ತು.

“ಒಂದಕ್ಕೆ ಒಂದು ಟಿಕ್ ಬರ್ಬೇಕು ಕಣೋ. ಎಕ್ಸ್‌ಚೇಂಜು ಅಂಕಿ ನೋಡಲ್ಲ, ಟಿಕ್ ಎಣಿಸತ್ತೆ. ಇದನ್ನ ಎಲ್ಲಿಂದ ಹೊಡ್ಕೊಂಡು ಬಂದೆ?”

“ಓಸ್ಲೋದಿಂದ. ಅಮ್ಮನ ಮನೆಯದು.”

ಅವನು ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. “ಓಸ್ಲೋದ ಡಯಲು ಉಲ್ಟಾ ಇರತ್ತೆ ಅಂತ ಇಡೀ ದೇಶಕ್ಕೆ ಗೊತ್ತು. ನಮ್ಮ ಕಡೆ ಬೆರಳು ತಡೆಯೋ ಕೊಂಡಿ ಪಕ್ಕ ಒಂದು, ಅವರ ಕಡೆ ಒಂಬತ್ತು. ನೀನು ಏಳು ಅಂದ್ರೆ ಇಲ್ಲಿನ ಎಕ್ಸ್‌ಚೇಂಜಿಗೆ ಮೂರು ಅಂತ ಕೇಳ್ಸತ್ತೆ. ಐದು, ಸೊನ್ನೆ ಎರಡೇ ನೆಟ್ಟಗೆ ಹೋಗೋದು. ಫೋನೇನೂ ಕೆಟ್ಟಿಲ್ಲಪ್ಪ, ತಪ್ಪು ಊರಲ್ಲಿದೆ ಅಷ್ಟೆ. ಇಷ್ಟೆಲ್ಲ ಪುಸ್ತಕ ಓದಿದೀಯ, ಡಯಲ್ ಒಂದು ಓದಲಿಲ್ವಾ?”

ನಾನು ಓದಿದ್ದೆ, ತೂರ್ದಿಸ್. ಅದೇ ತಪ್ಪಾಯಿತು. ಅಂಕಿ ಓದಿ ಬೆರಳು ಹಾಕುವವನು ಅದು ಎಲ್ಲಿದೆ ಎಂದು ನೋಡುವುದಿಲ್ಲ. ನಾವು ಆ ಡಯಲನ್ನೇ ನೋಡುತ್ತ ಬೆಳೆದವರು. ಇಲ್ಲಿಗೆ ಬಂದು ಇಷ್ಟು ವರ್ಷ ಬೇರೆ ಡಯಲು ತಿರುಗಿಸಿದರೂ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಊದ್ವಾರ್ ವಾಫಲ್ ತಿನ್ನುತ್ತ ಇನ್ನೂ ಏನೋ ಹೇಳುತ್ತಿದ್ದ. ನನ್ನ ತಲೆಯಲ್ಲಿ ಮಾತ್ರ 1984 ತಿರುಗುತ್ತಿತ್ತು.

ಅಮ್ಮನನ್ನು ಓಸ್ಲೋದಿಂದ ಇಲ್ಲಿಗೆ ಕರೆತಂದದ್ದು ನಾನು. ಅವಳ ಹೊಸ ಮನೆಯಲ್ಲಿ ಲೈನ್ ಇತ್ತು, ಫೋನು ಬರಲು ತಿಂಗಳುಗಟ್ಟಲೆ ಕಾಯಬೇಕು ಅಂದರು. ಇಲಾಖೆಯ ಸೊತ್ತನ್ನು ಹಳೆಯ ಮನೆಯಲ್ಲೇ ಬಿಟ್ಟು ಬರುವುದು ನಿಯಮ. ಇಷ್ಟು ವರ್ಷ ಬಾಡಿಗೆ ಕಟ್ಟಿದ್ದೇವೆ, ಇದು ನಮ್ಮದೇ ಎಂದು ನಾನು ಅದನ್ನು ಗೋಡೆಯಿಂದ ಬಿಚ್ಚಿ ಸ್ವೆಟರಿನಲ್ಲಿ ಸುತ್ತಿ ತಂದೆ. ನಾನೇ ಜೋಡಿಸಿದೆ. ಮನೆಗೆ ಹೋಗಿ ಅಮ್ಮನಿಗೆ ಫೋನು ಮಾಡಿದೆ. ಗಂಟೆ ಬಾರಿಸಿತು, ಅವಳು ಎತ್ತಿಕೊಂಡಳು, ಸರ್ಕಾರದ ಮೇಲೆ ಗೆದ್ದೆ ಅಂದುಕೊಂಡೆ.

ಒಂದು ವಾರಕ್ಕೇ ಅಮ್ಮ ಹೇಳಿದಳು, “ಐಲಿಫ್, ಈ ಫೋನು ಬೇರೆಯವರ ಮನೆಗೆ ಹೋಗತ್ತೆ.”

“ನೀನು ತಪ್ಪು ತಿರುಗಿಸ್ತಿದೀಯಮ್ಮ.”

“ನಿನ್ನ ನಂಬರ್ ನಂಗೆ ಗೊತ್ತಿಲ್ವಾ? ಪ್ರತಿ ಸಲ ಅದೇ ಹೆಂಗಸು ತೊಗೋತಾಳೆ. ಮಿಕ್ಲೆಬುಸ್ಟ್ ಅಂತೆ. ಮೊನ್ನೆ ಬೈದಳು. ನೀನೇ ಒಂದ್ಸಲ ತಿರುಗಿಸಿ ನೋಡು.”

ನನಗೆ ಅವತ್ತು ಶಾಲೆಯಲ್ಲಿ ಸಭೆ ಇತ್ತು. ಮರುದಿನ ದಪ್ಪ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ನನ್ನ ಸಂಖ್ಯೆಯನ್ನು 71 534 ಎಂದು ದೊಡ್ಡದಾಗಿ ಬರೆದುಕೊಟ್ಟೆ. ಆ ರಟ್ಟು ಈಗಲೂ ಮೇಜಿನ ಖಾನೆಯಲ್ಲಿದೆ. ಊದ್ವಾರ್ ಹೋದ ಮೇಲೆ ಅದನ್ನು ಮುಂದಿಟ್ಟುಕೊಂಡು ಪ್ರತಿ ಅಂಕಿಯನ್ನೂ ಹತ್ತರಿಂದ ಕಳೆದೆ. 39 576 ಬಂತು. ಹಳೆಯದೇನನ್ನೂ ಎಸೆಯದ ನನ್ನ ಬಳಿ 1985ರ ಫೋನ್ ಪುಸ್ತಕ ಇದ್ದೇ ಇತ್ತು. ಈ ಊರಲ್ಲಿ ಮಿಕ್ಲೆಬುಸ್ಟ್‌ಗಳಿಗೆ ಬರವಿಲ್ಲ, ಎರಡು ಪುಟ. ಬೆರಳಿಟ್ಟು ಇಳಿಯುತ್ತ ಬಂದೆ. ಎರಡನೆಯ ಪುಟದ ಮಧ್ಯದಲ್ಲಿ ಯೆನ್ನಿ ಮಿಕ್ಲೆಬುಸ್ಟ್, 39 576.

ಮೀನಿನಂಗಡಿಯ ಪೇದರ್ ನೆನಪಿದ್ದಾನೆಯೇ? ಅವನು ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, “ಮೇಷ್ಟ್ರೇ, ನಿಮ್ಮಮ್ಮ ದಿನಾ ಮೂರ್ನಾಲ್ಕು ಸಲ ಫೋನ್ ಮಾಡ್ತಾರೆ. ಮೀನು ಬೇಕಾ ಅಂದ್ರೆ, ಬೇಡಪ್ಪ, ನನ್ನ ಮಗನಿಗೊಂದು ಫೋನ್ ಮಾಡಿ ಹೇಳು ಅಂತಾರೆ. ನಮ್ಮದು ಮೀನಿನ ಅಂಗಡಿ, ಎಕ್ಸ್‌ಚೇಂಜ್ ಅಲ್ಲ” ಅಂದಿದ್ದ. ಅಂಗಡಿಯವರೆಲ್ಲ ನಕ್ಕರು. ನನಗೆ ಅವಮಾನವಾಯಿತು. ಅವನ ಸಂಖ್ಯೆ 55 050, ಬರೀ ಐದು ಮತ್ತು ಸೊನ್ನೆ. ಇಡೀ ಊರಿನಲ್ಲಿ ಅಮ್ಮನಿಗೆ ಸಿಗುತ್ತಿದ್ದುದು ಅವನೊಬ್ಬನೇ.

ಅಮ್ಮ ನಿನ್ನ ಮನೆಗೆ ಮಾಡಿದ್ದೆಲ್ಲ ಊರಿನ ಸಂಖ್ಯೆಯೇ ಬದಲಾಗಿ ಬೇರೆ ಎಲ್ಲೆಲ್ಲಿಗೋ ಹೋಗಿರಬೇಕು. “ನೀನಾಗಿ ಒಂದು ಸಲಾನೂ ಮಾಡಲ್ಲ” ಎಂದು ನೀನು ಭಾನುವಾರಗಳಲ್ಲಿ ಫೋನು ಮಾಡಿ ಅಮ್ಮನನ್ನು ದೂರುತ್ತಿದ್ದೆ. “ಮಾಡ್ತೀನಮ್ಮ, ನಿನ್ನ ಫೋನು ನಿನ್ನ ಮನೇಲಿಲ್ಲ” ಅಂದಳಂತೆ. ಆ ಮಾತನ್ನು ನೀನು ನನಗೆ ಹೇಳಿದೆ. ನಾನು ಅದನ್ನು ಡಾಕ್ಟರಿಗೆ ಬರೆದ ಕಾಗದದಲ್ಲಿ ಸೇರಿಸಿದೆ.

ಆ ಕಾಗದವನ್ನು ಚೆನ್ನಾಗಿಯೇ ಬರೆದಿದ್ದೆ. ತಪ್ಪು ಸಂಖ್ಯೆಗಳು, ಬೈದ ಹೆಂಗಸು, ಮೀನಿನಂಗಡಿ, ಒಂದು ಸಲ ಒಲೆಯ ಮೇಲೆ ಮರೆತ ಪಾತ್ರೆ, ಎಲ್ಲವೂ ತಾರೀಖು ಸಮೇತ. ಜೀವಮಾನವಿಡೀ ಕಚೇರಿಗಳಿಗೆ ಬರೆದಿದ್ದೇನೆ. ಯಾರೂ ಕತ್ತರಿಸದೆ, ಪೂರ್ತಿ ಓದಿ, ತಕ್ಷಣ ಕ್ರಮ ಕೈಗೊಂಡದ್ದು ಅದೊಂದರ ಮೇಲೆ. ಮರೆವಿನ ರೋಗ ಎಂದು ಬರೆದರು, ವೃದ್ಧಾಶ್ರಮದಲ್ಲಿ ಜಾಗ ಸಿಕ್ಕಿತು. ನೀನು ಇಡೀ ದಿನ ಪ್ರಯಾಣ ಮಾಡಿ ಬಂದು, “ಅಣ್ಣ, ಅಮ್ಮನಿಗೆ ಏನೂ ಆಗಿಲ್ಲ, ಅವಳಿಗೆ ಸಿಟ್ಟು ಬಂದಿದೆ ಅಷ್ಟೆ” ಅಂದೆ. “ವರ್ಷಕ್ಕೆ ಎರಡು ಸಲ ನೋಡೋಳು ನೀನು, ನಿನಗೇನು ಗೊತ್ತು” ಅಂದವನು ನಾನು. ಎರಡನೆಯ ಚಳಿಗಾಲದಲ್ಲಿ ಅಮ್ಮ ಹೋದಳು.

ಮರೆವಿನವರು ಒಂದೊಂದು ಸಲ ಒಂದೊಂದು ತಪ್ಪು ಮಾಡುತ್ತಾರೆ. ಅಮ್ಮ ಹನ್ನೊಂದು ತಿಂಗಳು ಒಂದೇ ಹೆಂಗಸಿಗೆ ಫೋನು ಮಾಡಿದಳು. ಅಷ್ಟು ಸರಿಯಾಗಿ ಯಾರು ತಪ್ಪುತ್ತಾರೆ? ಈ ಪ್ರಶ್ನೆ ಕೇಳಲು ಲೈನ್‌ಮನ್ ಬೇಕಿರಲಿಲ್ಲ. ಒಮ್ಮೆ, ಒಂದೇ ಒಂದು ಸಲ, ನನ್ನ ಬೆರಳನ್ನು ಆ ಡಯಲಿಗೆ ಹಾಕಿದ್ದರೆ ಸಾಕಿತ್ತು. ಇಲಾಖೆಯ ಮೇಲೆ ಹೊರಿಸೋಣವೆಂದು ಎರಡು ರಾತ್ರಿ ಪ್ರಯತ್ನಿಸಿದೆ. ಅವರು ಫೋನನ್ನು ಅಲ್ಲೇ ಬಿಟ್ಟು ಹೋಗಿ ಎಂದಿದ್ದರು. ಆ ನಿಯಮಕ್ಕೆ ಕಾರಣವಿತ್ತು.

ಡಯಲು ಬದಲಿಸಿಕೊಡುತ್ತೇನೆ ಎಂದು ಊದ್ವಾರ್ ಹೇಳಿದ. ಬೇಡವೆಂದೆ. ಫೋನು ಈಗ ಕಿಟಕಿಯ ಪಕ್ಕದಲ್ಲಿದೆ, ಹೊರಗೆ ಯಾರಿಗೂ ಹೋಗದು. ನೀನು ಮಾಡಿದರೆ ಮಾತ್ರ ಗಂಟೆ ಬಾರಿಸುತ್ತದೆ. ಇದನ್ನು ಓದಿದ ಮೇಲೆ ಮಾಡಬೇಕು ಅನ್ನಿಸದಿದ್ದರೆ, ಅದೂ ನನಗೆ ಅರ್ಥವಾಗುತ್ತದೆ.

ದೇವರು ನಿನ್ನನ್ನೂ ನಿನ್ನ ಮನೆಯವರನ್ನೂ ಚೆನ್ನಾಗಿಟ್ಟಿರಲಿ. ಟ್ರೋಮ್ಸೋದಲ್ಲಿ ಈಗಾಗಲೇ ಹಿಮ ಗಟ್ಟಿಯಾಗಿರಬೇಕು, ಮೆಟ್ಟಿಲ ಮೇಲೆ ಜೋಪಾನ.

ನಿನ್ನ ಅಣ್ಣ,
ಐಲಿಫ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ವೃದ್ಧಾಶ್ರಮದ ಹಜಾರದಲ್ಲಿ ಒಂದು ಫೋನಿತ್ತು, ಈ ಊರಿನದೇ ಡಯಲು. ಸೇರಿಸಿದ ಮೂರನೆಯ ದಿನ, ಊಟದ ಹೊತ್ತಿನಲ್ಲಿ ನನ್ನ ಮನೆಯ ಫೋನು ಗಂಟೆ ಬಾರಿಸಿತು. ಅಮ್ಮ. ದನಿಯಲ್ಲಿ ಅಂಥ ಸಂತೋಷವನ್ನು ನಾನು ಹಲವು ವರ್ಷಗಳಿಂದ ಕೇಳಿರಲಿಲ್ಲ. “ಐಲಿಫ್, ನೋಡು, ಸಿಕ್ಕಿಬಿಟ್ಟೆ. ನಾನೇ ತಿರುಗಿಸಿದೆ, ಮೊದಲನೇ ಸಲಕ್ಕೇ. ಇನ್ನು ಮನೆಗೆ ಕರ್ಕೊಂಡು ಹೋಗ್ತೀಯಲ್ಲ?” ನಾನು ಹೇಳಿದೆ, “ತಿರುಗಿಸಿಕೊಟ್ಟ ನರ್ಸಿಗೆ ಥ್ಯಾಂಕ್ಸ್ ಹೇಳಮ್ಮ.” ಅಮ್ಮ “ಹೇಳ್ತೀನಪ್ಪ” ಎಂದು ಇಟ್ಟಳು. ಮತ್ತೆ ಯಾವತ್ತೂ ಮಾಡಲಿಲ್ಲ. ಮಣ್ಣು ಮಾಡಿದ ದಿನ ನೀನು ಚರ್ಚಿನ ಮೆಟ್ಟಿಲಿನ ಮೇಲೆ ನನ್ನ ತೋಳು ಹಿಡಿದು, ಅಲ್ಲಿಂದ ಅಮ್ಮ ಒಮ್ಮೆಯಾದರೂ ಫೋನು ಮಾಡಿದ್ದಳಾ ಎಂದು ಕೇಳಿದೆ. ಇಲ್ಲ ಅಂದೆ.