ಹಾಡಿ ದಾಟ್ರೆ ಕಡ್ಲ್

ಮೇಲುಹಕ್ಕಲು
ಎರಡನೆಯ ಆಷಾಢದ ನಲವತ್ತೊಂದನೆಯ ದಿನ, 2231

ಶ್ರೀ ಜಯಕರ ದೇವಾಡಿಗ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ನಿಲ್ಲದೆ ತಿಂಗಳು ಮುಗಿಯಬಾರದೆಂದು ನಮ್ಮ ಹಿರಿಯರು ನಿಯಮ ಮಾಡಿದ್ದಾರೆ. ಈ ಸಲ ಮಳೆ ಇನ್ನೂ ನಿಂತಿಲ್ಲ. ನನ್ನ ಕನ್ನಡ ನಿಮಗೆ ಗಂಜಿ ಹಾಕಿದ ಬಟ್ಟೆಯ ಹಾಗೆ ಗಡುಸಾಗಿ ಕಂಡರೆ ಅದಕ್ಕೂ ಕ್ಷಮೆಯಿರಲಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಥೆ, ಕಾದಂಬರಿಗಳಿಂದ. ನಮ್ಮ ಗ್ರಂಥಾಲಯದಲ್ಲಿ ನೀರು ಮುಟ್ಟದೆ ಉಳಿದ ಕಪಾಟು ಅದೊಂದೇ. ಹಾಗಾಗಿ ಹಿಮ ಬೀಳುವುದನ್ನು ಕನ್ನಡದಲ್ಲಿ ವರ್ಣಿಸಲು ನನಗೆ ಬರುತ್ತದೆ. ನೀವು ಮೀನುಸಾರಿಗೆ ಏನೇನು ಹಾಕುತ್ತಿದ್ದಿರೆಂದು ಗೊತ್ತಿಲ್ಲ.

ಹಿಂದಿನ ಕಾಲಕ್ಕೆ ಹೋಗುವ ಅಂಚೆಯನ್ನು ನಾವು ಹಿಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ಹೆಚ್ಚಿನವರು ತಮ್ಮ ಮುತ್ತಜ್ಜಂದಿರಿಗೆ ಬರೆದು, ಎತ್ತರದಲ್ಲಿ ಮನೆ ಕಟ್ಟಿಕೊಳ್ಳಿ ಎಂದು ಎಚ್ಚರಿಸುತ್ತಾರೆ. ನಾನು ನನ್ನ ಹಾಳೆಯನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ. ಕಾರಣವನ್ನು ಮೊದಲೇ ಹೇಳುವುದು ಮರ್ಯಾದೆ: ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು.

ನಾಳೆ ಬೆಳಿಗ್ಗೆ ನೀವು ಸೈಕಲ್ಲಿನ ಹ್ಯಾಂಡಲ್ಲಿಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಬೈಂದೂರಿನಿಂದ ಹೊರಡುತ್ತೀರಿ. ನಿಮ್ಮ ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ಒಬ್ಬ ಹೆಂಗಸು ಬರುತ್ತಾರೆ. ನೀವು ಹಿಡಿದ ಚಿತ್ರ ನಮ್ಮ ಕಾಲ ತಲುಪುವಷ್ಟರಲ್ಲಿ ಕೊಳೆತುಹೋಗಿದೆ, ಧ್ವನಿ ಉಳಿದಿದೆ. ಅದು ಹಳೆಯ ಸದ್ದುಗಳನ್ನು ಕಾಪಿಡುವ ಕೇಳುಮನೆಯಲ್ಲಿದೆ. ಕೇಳುಮನೆಯನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ ಕೇದಗೆ. ಕಣ್ಮರೆಯಾದ ಗಿಡಮರಗಳ ಹೆಸರನ್ನು ಮಕ್ಕಳಿಗಿಡುವುದು ನಮ್ಮ ಪದ್ಧತಿ. ನನ್ನ ಹೆಸರು ಹೊನ್ನೆ. ನಾನು ಹೊನ್ನೆ ಮರವನ್ನು ನೋಡಿದವನಲ್ಲ, ಅವಳು ಕೇದಗೆಯನ್ನು ನೋಡಿದವಳಲ್ಲ.

ಧ್ವನಿ ಶುರುವಾಗುವುದು ನಿಮ್ಮ ವೇದಿಕೆ ಕನ್ನಡದಿಂದ. “ನಮಸ್ಕಾರ ಸ್ನೇಹಿತರೇ, ನಾನು ಜಯಕರ ದೇವಾಡಿಗ” ಎನ್ನುತ್ತೀರಿ. ಆಮೇಲೆ ಸೈಕಲ್ಲಿನ ಗೇರುಗಳನ್ನು, ಗಾಳಿ ಹಾಕುವ ಪಂಪನ್ನು, ಪಂಕ್ಚರ್ ಸಾಮಾನನ್ನು, ಚೀಲದೊಳಗಿನ ಅವಲಕ್ಕಿಯನ್ನು ಕೂಡ ಪರಿಚಯಿಸುತ್ತೀರಿ. ಹಿಂದೆ ಬರುವವರನ್ನು ಪರಿಚಯಿಸುವುದಿಲ್ಲ. ಅವರ ಮಾತು ಗಾಳಿಗೆ ಹಾರಿಹೋಗಿ ಒಂದಕ್ಷರವೂ ದಾಖಲಾಗಿಲ್ಲ. ಉಳಿದಿರುವುದು ಸಂಭಾಷಣೆಯ ನಿಮ್ಮ ಅರ್ಧ, ನಡುನಡುವೆ ಖಾಲಿ ಜಾಗ.

ಆ ಖಾಲಿ ಜಾಗದಲ್ಲಿ ನನ್ನ ಹೆಂಡತಿ ವಾಸವಾಗಿದ್ದಾಳೆ.

“ಎಂತ, ಸುಸ್ತಾಯ್ತಾ?” ಎಂದು ನೀವು ಕೇಳುತ್ತೀರಿ. “ಇಲ್ಲಪ್ಪ” ಎನ್ನುತ್ತಾಳೆ ಕೇದಗೆ, ಧ್ವನಿಯ ನಕಲನ್ನು ಮನೆಗೆ ತಂದು ಹಾಕಿಕೊಂಡು, ನಮ್ಮ ಅಡುಗೆಮನೆಯಲ್ಲಿ ನಿಂತು. “ಮತ್ತೆಂತಕ್ಕೆ ಮೋರೆ ಹಾಂಗ್ ಮಾಡ್ಕಂಡದ್ದ್?” “ಗಾಳಿಗೆ ಕಣ್ಣು ಬಿಡೋಕೆ ಆಗ್ತಿಲ್ಲ, ಅದಕ್ಕೆ.” ಆಗ ನೀವು ನಗುತ್ತೀರಿ, ಸರಿಯಾಗಿ ಆ ಕ್ಷಣಕ್ಕೆ. ಅವಳೂ ನಗುತ್ತಾಳೆ. ನಾನು ಅಲ್ಲೇ ತಟ್ಟೆ ಹಿಡಿದು ಕೂತಿರುತ್ತೇನೆ. ನನ್ನ ಯಾವ ಮಾತಿಗೂ ಅವಳ ನಗು ಅಷ್ಟು ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ.

ದಾರಿಯಲ್ಲಿ ಸೌದೆ ಹೊತ್ತ ಅಜ್ಜಿಯೊಬ್ಬರು ಸಿಕ್ಕುತ್ತಾರೆ. ಅವರು ಕ್ಯಾಮೆರಾದ ಹತ್ತಿರವೇ ನಿಂತದ್ದರಿಂದ ಅವರ ದನಿ ಸ್ಪಷ್ಟವಾಗಿದೆ. “ಎಂತಕ್ಕೆ ಮಗಾ ಈ ಬಿಸಿಲಂಗೆ ಸೈಕಲ್ ತುಳೂದ್? ಬಸ್ಸ್ ಇಲ್ಯಾ?” ನೀವು ಹೇಳುತ್ತೀರಿ, “ಬಸ್ಸ್ ಇತ್ತಮ್ಮ. ಬಸ್ಸಂಗೆ ಹೋರೆ ಗಾಳಿ ಪೂರ ಡ್ರೈವರಿಗೇ.” ಅಜ್ಜಿ ಬಿಡುವುದಿಲ್ಲ: “ನಿಂಗೆ ಗಾಳಿ, ಹಿಂದ್ ಬಪ್ಪು ಹೆಣ್ಣ್ ಕೆಂಪಾಯಿತ್ತ್ ಕಾಣ್!” ಇದನ್ನು ಕೇಳಿದಾಗಲೆಲ್ಲ ಕೇದಗೆ ತನ್ನ ಕೆನ್ನೆ ಮುಟ್ಟಿಕೊಳ್ಳುತ್ತಾಳೆ. ಮುಟ್ಟಿಕೊಂಡದ್ದು ಅವಳಿಗೆ ತಿಳಿಯುವುದಿಲ್ಲ.

ಇನ್ನೂ ಸ್ವಲ್ಪ ಮುಂದೆ ನೀವು ಬ್ರೇಕ್ ಹಿಡಿದು ಮೂಗೆಳೆದುಕೊಳ್ಳುತ್ತೀರಿ. “ಕೇದ್ಗಿ... ಪರಿಮಳ ಬಂತಾ?” ಗಿಡದ ಮಾತೆಂದು ಅವಳಿಗೂ ಗೊತ್ತು. ಆದರೂ ಪ್ರತಿ ಸಲವೂ “ಹ್ಞೂಂ” ಎನ್ನುತ್ತಾಳೆ. ಇಡೀ ಪ್ರಯಾಣದಲ್ಲಿ ನೀವು ಉಚ್ಚರಿಸುವ ಹೆಣ್ಣಿನ ಹೆಸರು ಅದೊಂದೇ, ಅದು ನನ್ನ ಹೆಂಡತಿಯದು.

ನನ್ನ ಹೊಟ್ಟೆಕಿಚ್ಚು ಇಷ್ಟಕ್ಕೇ ನಿಲ್ಲುವುದಿಲ್ಲ. ಹಕ್ಕಲು ನಿಮಗೆ ದಾರಿಯಲ್ಲಿ ಸಿಗುವ ಬೋಳು ಜಾಗ. ಕೆಂಪುಕಲ್ಲಿನ ಹಾಸು, ಮೊಣಕಾಲೆತ್ತರದ ಹುಲ್ಲು, ಚೂರಿಮುಳ್ಳು. ನಾವು ಬದುಕುವುದೇ ಅದರ ಮೇಲೆ, ಯಾಕೆಂದರೆ ಕೆಳಗಿದ್ದ ಊರುಗಳು ಈಗಿಲ್ಲ. ಮನೆಗಳು ಮೂಡಣ ಬದಿಗೆ ಒತ್ತೊತ್ತಾಗಿವೆ. ಪಡುವಣದ ಬಯಲನ್ನು ಮಳೆ ಮುಗಿದ ಮೇಲೆ ಕೆಲವು ವಾರ ಮಾತ್ರ ತೆರೆಯುತ್ತಾರೆ. ಅದನ್ನು ತೆರಪು ಎನ್ನುತ್ತೇವೆ. ಆಗ ತುಳಿಗಾಲಿಗಳನ್ನು ಹೊರಗೆ ತೆಗೆಯುತ್ತೇವೆ (ಸೈಕಲ್ ಎಂದರೆ ನಮ್ಮ ಮಕ್ಕಳಿಗೆ ಅರ್ಥವಾಗುವುದಿಲ್ಲ). ಪರವಾನಗಿ ಒಬ್ಬೊಬ್ಬರಿಗೆ ಬೇರೆ ಬೇರೆ ಹೊತ್ತಿಗೆ. ಬಂಡೆಯ ಮೇಲೆ ಎಳೆದ ಬಿಳಿ ಗೆರೆ ಬಿಟ್ಟು ಆಚೀಚೆ ಹೋಗುವಂತಿಲ್ಲ. ಗಂಡಹೆಂಡಿರು ಕೂಡ ಒಬ್ಬರ ಹಿಂದೊಬ್ಬರು, ನಡುವೆ ಅಂತರವಿಟ್ಟು ತುಳಿಯಬೇಕು. ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ನೀವಾದರೋ ಮನಸ್ಸು ಬಂದಲ್ಲಿ ನಿಲ್ಲುತ್ತೀರಿ. ಸೈಕಲ್ಲನ್ನು ಗೇರುಮರಕ್ಕೆ ಒರಗಿಸಿದ ಸದ್ದು ಕೇಳುತ್ತದೆ. ಕೇಪಳದ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು “ಹುಳಿ” ಎಂದು ದೂರುತ್ತೀರಿ, ಮತ್ತೆ ಕೀಳುತ್ತೀರಿ. ಆ ದೂರನ್ನು ನಾನು ಕ್ಷಮಿಸಲಾರೆ.

ಬಿಳಿ ಗೆರೆ ಮುಗಿಯುವಲ್ಲಿ ಮರಗಳ ದಟ್ಟ ಸಾಲು ಅಡ್ಡ ನಿಂತಿದೆ. ಅಲ್ಲಿ ಒಂದು ಹಲಗೆಯ ಮೇಲೆ ನಿಮ್ಮ ಕೊನೆಯ ಮಾತುಗಳಲ್ಲೊಂದನ್ನು ಕೆತ್ತಿದ್ದಾರೆ: “ಹಾಡಿ ದಾಟಿದರೆ ಕಡಲು.” ಕೇಳುಮನೆಯ ಪಂಡಿತರು ಅದಕ್ಕೆ ಟಿಪ್ಪಣಿ ಬರೆದಿದ್ದಾರೆ. ಬದುಕನ್ನು ಹಾಡುತ್ತಾ ಕಳೆದು ಈ ದಡ ದಾಟಿದವನಿಗೆ ಕೊನೆಯಿಲ್ಲದ ಕಡಲು ದಕ್ಕುತ್ತದೆ ಎಂದು. ಸತ್ತವರ ಮನೆಯಲ್ಲಿ ಇದನ್ನು ಓದುತ್ತಾರೆ. ತೆರಪಿನಲ್ಲಿ ಹೋದವರು ಹಲಗೆಯ ಮುಂದೆ ತುಳಿಗಾಲಿಯಿಂದ ಇಳಿಯದೆಯೇ ಒಂದು ಹಾಡು ಹೇಳಿ ಹಿಂತಿರುಗುತ್ತಾರೆ. ಕಡಲೆಂದರೆ ನಮಗೆ ಊರ ಸುತ್ತ ಕಟ್ಟಿದ ಗೋಡೆಯಾಚೆಯ ಸದ್ದು. ನೋಡಬಾರದೆಂದು ನಿಯಮವೇನೂ ಇಲ್ಲ. ನೋಡುವ ಜಾಗ ಯಾರಿಗೂ ಗೊತ್ತಿಲ್ಲ.

ಆ ಕೊನೆಯ ಮಾತು ಪೂರ್ತಿಯಾಗಿ ಹೀಗಿದೆ: “ಬಾ ಮಾರಾಯ್ತಿ. ಹಾಡಿ ದಾಟ್ರೆ ಕಡ್ಲ್. ನಾ ಅಲ್ಲೇ ಕಾಯ್ತೆ.” ಅಲ್ಲಿಗೆ ನಿಮ್ಮ ಬ್ಯಾಟರಿ ಮುಗಿಯುತ್ತದೆ. ಕೇದಗೆ ಯಂತ್ರ ಆರಿಸದೆ ಹಾಗೇ ನಿಂತಿರುತ್ತಾಳೆ. ಯಾರೋ ತನಗಾಗಿ ಕಾಯುತ್ತಿದ್ದಾರೆ ಎನ್ನುವ ಮುಖ ಅದು. ನಾನು ಎದುರಿಗಿದ್ದರೂ ಆ ಮುಖ ಬದಲಾಗುವುದಿಲ್ಲ. ಒಂದು ಸಲ ಕೇಳಿಯೇಬಿಟ್ಟೆ, “ಅವನು ಕರೆದದ್ದು ನಿನ್ನನ್ನಲ್ಲ, ಗೊತ್ತಲ್ಲ?” ಎಂದು. “ಹೆಸರು ಹೇಳಿಲ್ಲವಲ್ಲ” ಎಂದಳು.

ಆದ್ದರಿಂದ ನನ್ನ ಕೋರಿಕೆ: ನಾಳೆ ಅಲ್ಲಿ “ಬಾ ಮಾರಾಯ್ತಿ” ಎನ್ನುವಾಗ ಹಿಂದೆ ಬರುವವರ ಹೆಸರನ್ನೂ ಹೇಳಿ. ಒಂದು ಹೆಸರು, ಅಷ್ಟೇ. ಅದು ನಿಮ್ಮ ನಾಲಿಗೆಗೆ ಭಾರವಲ್ಲ. ನನಗೆ ನನ್ನ ಹೆಂಡತಿ ವಾಪಸು ಸಿಕ್ಕುತ್ತಾಳೆ.

•

ಇದನ್ನು ಹಾಳೆಯ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ. ಮೇಲಿನಷ್ಟು ಬರೆದು ಇಟ್ಟ ಮೇಲೆ ಮಳೆ ನಿಂತಿತು, ತೆರಪು ಬಂತು. ಅದಕ್ಕೆ ಮೊದಲು ಇನ್ನೊಂದು ಸಂಗತಿ ನಡೆಯಿತು.

ಹಿಮದ ನಾಡಿನ ಕಾದಂಬರಿಯೊಂದನ್ನು ಮತ್ತೆ ಓದುತ್ತಿದ್ದೆ. ಮುಖಪುಟ ಕಿತ್ತುಹೋಗಿ ಅನುವಾದಕರ ಹೆಸರು ತಿಳಿಯದ ಪುಸ್ತಕ. ಅದರಲ್ಲಿ ಗಾಯಗೊಂಡ ತೋಳವೊಂದು ಬೇಟೆಗಾರರ ಕಣ್ಣೆದುರೇ “ಹಾಡಿಯೊಳಗೆ ಹೋಯಿತು.” ಹಿಂದೆ ಓದಿದಾಗ ಇದನ್ನು ಅಚ್ಚಿನ ತಪ್ಪೆಂದು ದಾಟಿಹೋಗಿದ್ದೆ. ಈ ಸಲ ನಿಂತೆ. ತೋಳ ಹಾಡಿ, ಆಮೇಲೆ ಒಳಗೆ ಹೋಗಲಿಲ್ಲ. ಹಾಡಿ ಎನ್ನುವ ಯಾವುದೋ ಒಂದರ ಒಳಗೆ ಹೋಯಿತು. ಮರಗಳು ಒತ್ತಾಗಿ ಬೆಳೆದ ಕುರುಚಲು ಕಾಡಿಗೆ ಆ ಅನುವಾದಕರ ಊರಿನಲ್ಲಿ ಹಾಡಿ ಎನ್ನುತ್ತಿದ್ದರು; ಅವರ ಊರು ನಿಮ್ಮ ಊರಿನ ಆಸುಪಾಸಿನದೇ ಇರಬೇಕು. ಅಷ್ಟು ದೂರದ ಹಿಮದೊಳಕ್ಕೆ ಮನೆಯ ಮಾತೊಂದನ್ನು ಅವರು ಕೈಹಿಡಿದು ಕರೆದುಕೊಂಡು ಹೋಗಿದ್ದರು. ಅತಿ ಸುಂದರವಾಗಿರುವ ವಾಕ್ಯವನ್ನು ಅನುಮಾನಿಸಬೇಕೆಂದು ಓದುತ್ತಾ ಓದುತ್ತಾ ಕಲಿತವನು ನಾನು. ನೀವು ಸಾವಿನ ಬಗ್ಗೆ ಏನೂ ಹೇಳಿರಲಿಲ್ಲ. ದಾರಿ ಹೇಳಿದ್ದಿರಿ.

ನನಗೆ ಆದ ಸಂತೋಷ ಒಳ್ಳೆಯ ಸಂತೋಷವಲ್ಲ. ಆ ಮಾತಿನ ಮಂಕುಬೂದಿ ಉದುರಿದರೆ ಕೇದಗೆಗೂ ನಿಮ್ಮ ಮೇಲಿನ ಮೋಹ ಇಳಿಯುತ್ತದೆ ಎಂದುಕೊಂಡು ಓಡಿಹೋಗಿ ಅವಳಿಗೆ ಹೇಳಿದೆ. ಅವಳು ಪುಸ್ತಕದ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಅವಳ ಮುಖ ನೋಡಿ ನನಗೆ ನನ್ನ ಓದಿನ ಮೇಲೇ ಸಿಟ್ಟು ಬಂತು.

“ಹಾಗಾದ್ರೆ ಜಾಗ ಇದೆ” ಎಂದಳು. “ಅವರು ನಿಜವಾಗಿ ಒಂದು ಜಾಗದಲ್ಲಿ ನಿಂತು ಕಾಯ್ತಿದ್ರು.”

“ಇನ್ನೂರು ವರ್ಷದ ಹಿಂದೆ” ಎಂದೆ.

“ನೀವು ಬರೋದು ಬೇಡ. ನಿಮಗೆ ಮೊಣಕಾಲು ನೋವು.”

ತೆರಪು ಬಂದಾಗ ನಾನೂ ಅವಳ ಹಿಂದೆ ಹೋದೆ. ಹಲಗೆಯ ಬಳಿ ಅವಳು ಹಾಡಲಿಲ್ಲ, ನಿಲ್ಲಲಿಲ್ಲ. ಬಿಳಿ ಗೆರೆ ಮುಗಿದದ್ದೇ ತುಳಿಗಾಲಿಯನ್ನು ಮರಗಳ ನಡುವೆ ನುಗ್ಗಿಸಿದಳು. ಅವಳ ಕಿವಿಯಲ್ಲಿ ನೀವಿದ್ದಿರಿ. ಒಳಗೆ ದಾರಿಯೆಂಬುದಿಲ್ಲ, ಹಿಂದೊಮ್ಮೆ ದಾರಿಯಿತ್ತು ಎನ್ನುವ ಹಾಗೆ ಮರಗಳು ತುಸು ಸರಿದು ನಿಂತಿವೆ. ಬೇರುಗಳ ಮೇಲೆ ಚಕ್ರ ಪುಟಿಯುತ್ತದೆ, ಬಳ್ಳಿ ಹ್ಯಾಂಡಲ್ಲಿಗೆ ಸುತ್ತಿಕೊಳ್ಳುತ್ತದೆ, ಒದ್ದೆ ಎಲೆಯ ಕೆಳಗೆ ಕಲ್ಲು ಜಾರುತ್ತದೆ. ಮುಂದಿನಿಂದ ಅವಳ ಮಾತು ಕೇಳಿಸುತ್ತಿತ್ತು. “ಇಲ್ಲಪ್ಪ,” “ಗಾಳಿಗೆ,” “ಹ್ಞೂಂ.” ನನ್ನ ಚೈನು ಕಳಚಿತು. ಕೂತು ಹಾಕುವಷ್ಟರಲ್ಲಿ ಅವಳ ದನಿ ಸಣ್ಣದಾಗಿ, ಆಮೇಲೆ ಇಲ್ಲವಾಯಿತು. ನಿಮ್ಮ ಧ್ವನಿ ಮುಗಿಯುವ ಹೊತ್ತು ಅದು, ನನಗೆ ಬಾಯಿಪಾಠ. ಅಲ್ಲಿಂದಾಚೆಗೆ ಅವಳಿಗೆ ಉತ್ತರ ಕೊಡಲು ಏನೂ ಇರಲಿಲ್ಲ. ನಾನು ಕೈಗೆ ಎಣ್ಣೆ ಬಳಿದುಕೊಂಡು ಆ ಕಾಡಿನಲ್ಲಿ ಕೂತು, ಅವಳು ಹೋಗಿಬಿಟ್ಟಳು ಎಂದುಕೊಂಡೆ. ನಮ್ಮ ಕಾಲದಲ್ಲಿ ಮುಂದೆ ಹೋದವರು ಹೋಗಿಬಿಡುತ್ತಾರೆ.

ಆಗ ಕೂಗು ಕೇಳಿಸಿತು. ನಿಮ್ಮದೇ ರಾಗದಲ್ಲಿ, ನಿಮ್ಮದೇ ಎಳೆತದಲ್ಲಿ:

“ಬನ್ನಿ ಮಾರಾಯ್ರೆ! ಹಾಡಿ ದಾಟ್ರೆ ಕಡ್ಲ್! ನಾ ಇಲ್ಲೇ ಕಾಯ್ತೆ!”

ಹಾಡಿ ದಾಟಿದೆ. ಬಂಡೆಯ ಅಂಚು, ಗೋಡೆಯಿಲ್ಲ, ಕೆಳಗೆ ಕಡಲು. ಅದರ ವರ್ಣನೆ ನಿಮಗೆ ಬೇಕಿಲ್ಲ. ಕೇದಗೆ ತುಳಿಗಾಲಿಯನ್ನು ಮರಕ್ಕೆ ಒರಗಿಸಿ ಕೂತಿದ್ದಳು, ಮುಖ ಕಡಲಿನ ಕಡೆಗಲ್ಲ, ನಾನು ಬರುವ ಕಡೆಗೆ. ಅವಳ ಹಿಂದೆ ಗರಗಸದಂಥ ಉದ್ದುದ್ದ ಎಲೆಗಳ ಪೊದೆಯಿತ್ತು, ಅದರಿಂದ ತಲೆ ಸುತ್ತುವಂಥ ಪರಿಮಳ ಬರುತ್ತಿತ್ತು.

“ಕೇದಗೆ” ಎಂದೆ.

“ಏನು?”

“ನಿನ್ನನ್ನಲ್ಲ. ಅದನ್ನು.”

ಅವಳು ತಿರುಗಿ ನೋಡಿದಳು. ಆಮೇಲೆ ನಿಮ್ಮ ಖಾಲಿ ಜಾಗಗಳಲ್ಲಿ ನಗುತ್ತಿದ್ದ ಆ ನಗುವನ್ನು ನನ್ನ ಮಾತಿಗೆ ನಕ್ಕಳು, ಸರಿಯಾದ ಹೊತ್ತಿಗೆ.

ಆದ್ದರಿಂದ ದೇವಾಡಿಗರೇ, ಹಾಳೆಯ ಮುಂಬದಿಯಲ್ಲಿ ಕೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ನಾಳೆ ಆ ಹೆಸರು ಹೇಳಬೇಡಿ. ಹೇಳಿದರೆ ಆ ಮಾತು ನಿಮ್ಮಿಬ್ಬರದೇ ಆಗಿಬಿಡುತ್ತದೆ, ನನ್ನನ್ನು ಕರೆಯಲು ಅವಳ ಬಳಿ ಬೇರೆ ಮಾತಿಲ್ಲ. ಅವಳು ನನಗಾಗಿ ಕಾದದ್ದು ಕೂಡ ನಿಮ್ಮಿಂದ ಕಲಿತದ್ದು ಎನ್ನುವುದು ನನ್ನನ್ನು ಇನ್ನೂ ಸುಡುತ್ತದೆ, ಸುಡಲಿ.

ಬದಲಿಗೆ ಇಷ್ಟು ಮಾಡಿ. ಇವತ್ತು ಕ್ಯಾಮೆರಾದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಬೇಡಿ. ಅಂಚಿಗೆ ಬಂದು ನಿಂತ ಮೇಲೆ, ಹಿಂದೆ ಬಂದವರಿಗೆ ನೀವು ಇನ್ನೇನಾದರೂ ಚಂದದ ಮಾತು ಹೇಳಿರುತ್ತೀರಿ. ಅದು ನಮ್ಮ ಮನೆಗೆ ಬೇಡ.

ಹೊನ್ನೆ